ಅಂಕಿತವಿಲ್ಲದ ಬೆಲ್ಲ

ವ್ಯಾಕರಣ, ಛಂದಸ್ಸು, ಅಲಂಕಾರಗಳೆಂಬ ಮೂರು ಅಂಕಣಗಳ ಮನೆಯಲ್ಲಿ ಬಾಳುವೆ ಮಾಡಿದ ಪಂಡಿತನೊಬ್ಬನು ಬೆಲ್ಲದ ವ್ಯಾಪಾರವನ್ನು ಕುರಿತು ಬರೆಯಹೊರಟರೆ ಓದುಗರು ನಕ್ಕಾರೆಂಬ ಅಳುಕು ನನಗುಂಟು. ಸಂಪಾದಕ ಮಂಡಳಿಯವರು ನನ್ನಿಂದ ಎಂದಿನಂತೆ ವಚನ ಸಾಹಿತ್ಯವನ್ನು ಕುರಿತ ಲೇಖನವನ್ನೇ ನಿರೀಕ್ಷಿಸಿದ್ದರು. ಅವರ ನಿರೀಕ್ಷೆಯನ್ನು ನಾನು ಪೂರ್ತಿಯಾಗಿ ಹುಸಿಗೊಳಿಸುತ್ತಿಲ್ಲ. ಗಾಣದ ಮನೆಯಿಂದ ಹೊರಡುವ ಈ ವಿಚಾರವು ಶರಣರ ಅಂಗಳವನ್ನು ಹಾದು, ಕಡೆಗೆ ನಮ್ಮ ಶ್ರೀಮಠದ ದಾಸೋಹದ ಬಾಗಿಲಿಗೇ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ಸಹೃದಯರು ತಾಳ್ಮೆಯಿಂದ ನನ್ನೊಡನೆ ನಡೆದು ಬರಬೇಕೆಂದು ಪ್ರಾರ್ಥಿಸುತ್ತೇನೆ.

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತು, ಷಟ್ಪದಿಗೆ ಪ್ರಸ್ತಾರ ಹಾಕುವಾಗ ಗುರುಲಘುಗಳ ಭೇದವರಿಯದೆ ಬೆವರುತ್ತಿದ್ದ ಹುಡುಗ. ಈಗ ಕಾಲುವೆಯ ನೀರುಂಡ ನಾಲ್ಕು ಎಕರೆ ಹೊಲದ ಒಡೆಯ. ಮೂರು ಎಕರೆ ಕಬ್ಬು, ಸ್ವಂತದ ಗಾಣದ ಮನೆ. ಒಂದು ಪೆಂಟೆ ಬೆಲ್ಲವನ್ನು ನನ್ನ ಮುಂದಿಟ್ಟು ನಮಸ್ಕರಿಸಿ, ಚೀಲದಿಂದ ಬಣ್ಣದ ಕಾಗದವೊಂದನ್ನು ತೆಗೆದನು. ಬೆಲ್ಲದ ಪೊಟ್ಟಣದ ಮೇಲೆ ಅಂಟಿಸುವ ಚೀಟಿಯ ಕರಡು ಅದು. “ಗುರುಗಳೇ, ಇದರಾಗಿನ ಕನ್ನಡ ಒಂದೀಟು ತಿದ್ದಿಕೊಡ್ರಿ” ಎಂದನು.

ಕಾಗದವನ್ನು ಓದಿದೆ. ಅದರಲ್ಲಿ ಕಾಗುಣಿತದ ದೋಷಗಳು ನಾಲ್ಕಿದ್ದವು. ಸತ್ಯದ ದೋಷ ಒಂದಿತ್ತು. ‘ನೂರಕ್ಕೆ ನೂರು ಸಾವಯವ’ ಎಂದು ದಪ್ಪಕ್ಷರಗಳಲ್ಲಿ ಬರೆದಿತ್ತು. “ತಮ್ಮಾ, ಕಬ್ಬಿಗೆ ಯೂರಿಯಾ ಹಾಕುತ್ತೀಯೋ?” ಎಂದು ಕೇಳಿದೆ. ಅವನು ತಲೆ ತಗ್ಗಿಸಿ, “ಹಾಕ್ತೀನ್ರಿ. ಆದರ ಎಲ್ಲಾರೂ ಹಿಂಗ ಬರೀತಾರ್ರಿ” ಎಂದನು. ಮಾತಿಗೆ ಮಾತು ಬೆಳೆದು ಉಳಿದ ಕಥೆಯೂ ಹೊರಬಂದಿತು. ದೊಡ್ಡ ಊರಿನ ಜಾಹೀರಾತಿನ ಸಂಸ್ಥೆಯೊಂದು ಅವನಿಂದ ನಲವತ್ತು ಸಾವಿರ ರೂಪಾಯಿ ಪಡೆದು ಅಂತರಜಾಲದಲ್ಲಿ ಒಂದು ತಾಣವನ್ನು ಕಟ್ಟಿಕೊಟ್ಟಿತ್ತು. ಬರೆಹವೆಲ್ಲ ಇಂಗ್ಲಿಷಿನಲ್ಲಿ, ಚಿತ್ರಗಳಲ್ಲಿದ್ದುದು ಯಾವುದೋ ದೇಶದ ಹೊಲ, ಯಾರದೋ ನಗುಮುಖ. ವರ್ಷ ತುಂಬಿದಾಗ ತಾಣದ ಹೆಸರನ್ನು ನವೀಕರಿಸಬೇಕಾಯಿತು. ಆ ಹೆಸರು ನೋಂದಣಿಯಾಗಿದ್ದುದು ಇವನ ಹೆಸರಿನಲ್ಲಲ್ಲ, ಸಂಸ್ಥೆಯ ಹೆಸರಿನಲ್ಲಿ. ಮತ್ತೆ ಹಣ ಕೇಳಿದರು, ಇವನಲ್ಲಿರಲಿಲ್ಲ, ತಾಣ ಅಳಿಯಿತು. ಆ ನಲವತ್ತು ಸಾವಿರ ಅವನ ತಾಯಿಯ ಬೋರಮಾಳ ಸರದ ಒತ್ತೆಯಿಂದ ಬಂದ ಹಣವಾಗಿತ್ತು. ಈಗ ಎರಡನೆಯ ಪ್ರಯತ್ನಕ್ಕೆ ಇನ್ನೊಬ್ಬರು ಬಂದಿದ್ದಾರೆ; ಈ ಚೀಟಿ ಅವರು ಕೊಟ್ಟದ್ದು.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹತ್ತು ವರ್ಷ ನಮ್ಮ ಶಾಲೆಯಲ್ಲಿ ಅನ್ನವುಂಡು ಅಕ್ಷರ ಕಲಿತ ಹುಡುಗನಿಗೆ, ತಾನು ಬೆಳೆದುದನ್ನು ನಾಲ್ಕು ಸತ್ಯವಾಕ್ಯಗಳಲ್ಲಿ ಬಣ್ಣಿಸುವ ವಿದ್ಯೆಯನ್ನು ನಾವು ಕಲಿಸಲಿಲ್ಲವಲ್ಲ! ಶರದೃತುವಿನ ವರ್ಣನೆಯನ್ನು ಅವನಿಂದ ಕಂಠಪಾಠ ಮಾಡಿಸಿದ ನಾನು ಬೆಲ್ಲದ ವರ್ಣನೆಗೆ ಅವನನ್ನು ಪರರ ಪಾಲು ಮಾಡಿದೆ. ಆದುದರಿಂದ ಈ ಲೇಖನದಲ್ಲಿ ಉಪದೇಶಕ್ಕಿಂತ ಪ್ರಾಯಶ್ಚಿತ್ತದ ಅಂಶವೇ ಹೆಚ್ಚು.

ಮೊದಲು ಶಬ್ದವಿಚಾರ. ಸರಕಿನ ಹೆಸರಿಗೆ ಇಂದು ಎಲ್ಲರೂ ಬಳಸುವ ‘ಬ್ರ್ಯಾಂಡ್’ ಎಂಬ ಆಂಗ್ಲ ಶಬ್ದದ ಮೂಲಾರ್ಥ ಸುಡುವುದು ಎಂದು. ಕಾದ ಕಬ್ಬಿಣದಿಂದ ದನದ ಮೈಮೇಲೆ ಬರೆ ಎಳೆದು ಒಡೆತನವನ್ನು ಸಾರುವ ರೂಢಿಯಿಂದ ಅದು ವಾಣಿಜ್ಯಕ್ಕೆ ಬಂದಿತು. ನಮ್ಮಲ್ಲಿ ಅದಕ್ಕೆ ಸಮೀಪದ, ಅದಕ್ಕಿಂತ ಉದಾತ್ತವಾದ ಶಬ್ದವೊಂದಿದೆ: ಅಂಕಿತ. ಅಂಕವೆಂದರೆ ಗುರುತು, ಅಂಕಿತವೆಂದರೆ ಗುರುತು ಹೊತ್ತದ್ದು. ಹನ್ನೆರಡನೆಯ ಶತಮಾನದ ಶರಣರು ತಮ್ಮ ಒಂದೊಂದು ವಚನಕ್ಕೂ ಅಂಕಿತವನ್ನಿಟ್ಟರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ. ಒಕ್ಕಲುತನವನ್ನೇ ಕಾಯಕವಾಗಿ ಕೈಕೊಂಡ ಒಕ್ಕಲಿಗ ಮುದ್ದಣ್ಣನಿಗೂ ‘ಕಾಮಭೀಮ ಜೀವಧನದೊಡೆಯ’ ಎಂಬ ಸ್ವಂತ ಅಂಕಿತವಿತ್ತು. ನೇಗಿಲು ಹಿಡಿದವನು ಅನಾಮಧೇಯನಾಗಿ ಉಳಿಯಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮಗೆ ಬೇಕಿಲ್ಲ.

ತನ್ನ ಸರಕಿಗೆ ತಾನೇ ಹೆಸರಿಟ್ಟು ಸಾರುವುದು ಆತ್ಮಸ್ತುತಿಯಾಗದೇ ಎಂದು ಹಿರಿಯ ಸಹೋದ್ಯೋಗಿಗಳೊಬ್ಬರು ನನ್ನನ್ನು ಕೇಳಿದರು. ಆತ್ಮಸ್ತುತಿ ಮರಣಕ್ಕೆ ಸಮಾನವೆಂದು ಕೇಳಿ ಬೆಳೆದ ನಮಗೆ ಇದು ಯೋಗ್ಯವಾದ ಶಂಕೆಯೇ. ಆದರೆ ಅಂಕಿತದ ಸ್ವಭಾವವನ್ನು ಗಮನಿಸಬೇಕು. ಬಸವಣ್ಣನವರು ವಚನದ ಕೊನೆಯಲ್ಲಿ ತಮ್ಮ ಹೆಸರನ್ನು ಹೇಳಿಕೊಳ್ಳಲಿಲ್ಲ. ತಮ್ಮ ಇಷ್ಟದೈವವನ್ನು ಸಾಕ್ಷಿಯಾಗಿ ಕರೆದರು. ಅಂಕಿತವಿಟ್ಟ ಮಾತಿಗೆ ಹೇಳಿದವನು ಹೊಣೆ. ಅದು ಸುಳ್ಳಾದರೆ ಕೆಡುವುದು ಸಾಕ್ಷಿಯ ಹೆಸರು. ಬೆಲ್ಲದ ಮೇಲೆ ರೈತನು ಇಡುವ ಗುರುತೂ ಇಂಥ ಹೊಣೆಯ ಸ್ವೀಕಾರವಾಗಬೇಕು. ತುತ್ತೂರಿಯೂದಲು ಹೆಸರಿಟ್ಟುಕೊಂಡವನು ಹಬ್ಬ ಮುಗಿದೊಡನೆ ಮರೆತುಹೋಗುತ್ತಾನೆ. ಹೊಣೆ ಹೊರಲು ಹೆಸರಿಟ್ಟುಕೊಂಡವನ ಮನೆಗೆ ಕೊಳ್ಳುವವರು ಮರುವರ್ಷವೂ ಬರುತ್ತಾರೆ.

ಅಂಕಿತವಿಲ್ಲದ ಬೆಲ್ಲದ ಗತಿಯೇನೆಂಬುದನ್ನು ಈ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ನೆರೆಯ ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಗಡಿಯ ಈಚೆಯ ನಮ್ಮ ಬೆಲ್ಲ ಆ ಹೆಸರು ಹೊತ್ತು ಮಾರಾಟವಾಗುತ್ತದೆಂದು ಆ ಸೀಮೆಯ ರೈತರು ಆಕ್ಷೇಪಿಸಿದ್ದುಂಟು. ಅವರ ಆಕ್ಷೇಪಣೆ ನ್ಯಾಯವಾದುದೇ. ಆದರೆ ನಮ್ಮ ಪಾಲಿಗೆ ಅದು ಇನ್ನೊಂದು ಬಗೆಯ ನಷ್ಟ. ನಮ್ಮ ಕಬ್ಬು, ನಮ್ಮ ಬೆಂಕಿ, ನಮ್ಮ ಬೆವರು. ಹೆಸರು ಮಾತ್ರ ಅನ್ಯರದು. ಕೂಸು ನಮ್ಮದಾಗಿ ನಾಮಕರಣ ಪರರ ಮನೆಯಲ್ಲಿ ನಡೆದಂತೆ.

ಭೌಗೋಳಿಕ ಸೂಚಿಯ ಕಾಯಿದೆ 1999ರಲ್ಲಿ ರೂಪುಗೊಂಡು 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ನಂಜನಗೂಡಿನ ರಸಬಾಳೆ, ಉಡುಪಿಯ ಮಟ್ಟುಗುಳ್ಳ, ಬ್ಯಾಡಗಿಯ ಮೆಣಸಿನಕಾಯಿ ಮೊದಲಾದ ನಮ್ಮ ನಾಡಿನ ಹಲವು ಬೆಳೆಗಳು ಅದರ ಆಶ್ರಯ ಪಡೆದಿವೆ. ಬ್ಯಾಡಗಿಯ ಕಾಯಿ ಖಾರ ಕಡಿಮೆ, ಕೆಂಪು ಹೆಚ್ಚು ಎಂಬ ಒಂದೇ ಮಾತಿನಿಂದ ಗುರುತಿಸಲ್ಪಡುತ್ತದೆ. ಆ ಒಂದು ಮಾತನ್ನು ಸಂಪಾದಿಸಲು ಒಕ್ಕಲಿಗರ ತಲೆಮಾರುಗಳು ಸವೆದಿವೆ. ಆದರೆ ಇಂಥ ಸೂಚಿಯು ಒಂದು ಸೀಮೆಯ ಸಮುದಾಯದ ಸೊತ್ತು. ಒಬ್ಬ ರೈತನು ಅರ್ಜಿ ಹಾಕಿ ತನ್ನೊಬ್ಬನದನ್ನಾಗಿ ಮಾಡಿಕೊಳ್ಳುವಂಥದಲ್ಲ. ಒಬ್ಬನ ಮಟ್ಟಿಗೆ ಉಳಿದಿರುವ ದಾರಿ ತನ್ನ ಮನೆಯ ಗುರುತನ್ನು ತಾನು ಕಟ್ಟಿಕೊಳ್ಳುವುದು.

ಇದಕ್ಕೆ ಎಷ್ಟು ಹಣ ಬೇಕು? ಅದಕ್ಕೂ ಮೊದಲು ಎಷ್ಟು ಜನ ಬೇಕು ಎಂದು ಕೇಳುವುದು ಮೇಲು. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಬೆಲ್ಲ ಇಳಿಯುತ್ತದೆ. ಎಕರೆಗೆ 40 ಟನ್ ಎಂದು ಹಿಡಿದರೆ ಮೂರು ಎಕರೆಯಿಂದ 12,000 ಕಿಲೋ. ಅದರಲ್ಲಿ ಹತ್ತರಲ್ಲೊಂದು ಪಾಲನ್ನು, ಅಂದರೆ 1,200 ಕಿಲೋವನ್ನು, ಸ್ವಂತದ ಹೆಸರಿನಲ್ಲಿ ಮಾರಲು ಮೊದಲ ವರ್ಷ ಯತ್ನಿಸಲಿ. ಉಳಿದುದು ಎಂದಿನಂತೆ ಪೇಟೆಯ ಅಡತಿ ಅಂಗಡಿಗೆ ಹೋಗಲಿ. ತಿಂಗಳಿಗೆ ಒಂದು ಕಿಲೋ ಕೊಳ್ಳುವ ನೂರು ಮನೆಗಳಿದ್ದರೆ ಆ 1,200 ಕಿಲೋ ವರ್ಷದೊಳಗೆ ತೀರುತ್ತದೆ. ನೂರು ಮನೆ! ಲೋಕವನ್ನೆಲ್ಲ ಮೆಚ್ಚಿಸುವ ಹೊರೆಯನ್ನು ನಾಲ್ಕು ಎಕರೆಯ ರೈತನ ತಲೆಯ ಮೇಲೆ ಹೊರಿಸಿದವರು ಅವನಿಗೆ ಈ ಸರಳವಾದ ಭಾಗಾಕಾರವನ್ನು ತೋರಿಸಿಕೊಡಲಿಲ್ಲ. ನೂರು ಮನೆಗಳನ್ನು ತಲುಪಲು ನಲವತ್ತು ಸಾವಿರದ ತಾಣ ಬೇಡ; ತಾಯಿಯ ಸರವಂತೂ ಬೇಡವೇ ಬೇಡ.

ಬೇಕಾದವು ಕೆಲವೇ. ಬೇರೆಯವರನ್ನು ಅವಲಂಬಿಸದ, ತನ್ನದೇ ಆದ ಒಂದು ದೂರವಾಣಿ ಸಂಖ್ಯೆ ಮೊದಲನೆಯದು. ಸಣ್ಣ ವ್ಯಾಪಾರಿಗಳಿಗೆಂದೇ 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಎಂಬ ವ್ಯವಸ್ಥೆಯಲ್ಲಿ ಸರಕಿನ ಚಿತ್ರ, ತೂಕ, ಬೆಲೆಗಳನ್ನು ಪಟ್ಟಿಮಾಡಿ ಇಡಲು ಖರ್ಚಿಲ್ಲ. ಗೂಗಲ್ ನಕ್ಷೆಯಲ್ಲಿ ಗಾಣದ ಮನೆಯ ಸ್ಥಳವನ್ನು ಗುರುತಿಸಲೂ ಖರ್ಚಿಲ್ಲ. 2016ರಿಂದ ನಡೆದುಬಂದಿರುವ ಯುಪಿಐ ಪದ್ಧತಿಯಿಂದ ಹಣವು ನೇರವಾಗಿ ಖಾತೆಗೆ ಸೇರುತ್ತದೆ. ಇವು ನೆಲೆಗೊಂಡ ಮೇಲೆ ತಾಣವೊಂದು ಬೇಕೆನ್ನಿಸಿದರೆ ಒಂದೇ ಪುಟದ್ದು ಸಾಕು. ಅದು ಕನ್ನಡದಲ್ಲಿಯೂ ಇರಲಿ. ಆದರೆ ಅದರ ಹೆಸರೂ ಗುಪ್ತಪದವೂ ರೈತನ ಕೈಯಲ್ಲಿಯೇ ಇರಬೇಕು. ಹೊಲದ ಉತಾರವನ್ನು ಪರರ ಹೆಸರಿಗೆ ಬರೆಯಿಸಿ ನೆಮ್ಮದಿಯಿಂದ ಮಲಗುವ ರೈತನುಂಟೇ? ತಾಣದ ಹೆಸರೂ ಒಂದು ಬಗೆಯ ಹೊಲವೇ.

ಚಿತ್ರಗಳು ಸ್ವಂತದವಾಗಿರಬೇಕು. ಗಾಣಕ್ಕೆ ಕಬ್ಬು ಕೊಡುವ ಕೈ, ಕೊಪ್ಪರಿಗೆಯಲ್ಲಿ ಉಕ್ಕುವ ಹಾಲು, ಹದ ನೋಡಲು ಪಾಕವನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುವ ಬೆರಳು: ಇವನ್ನು ತನ್ನ ಫೋನಿನಿಂದಲೇ ಬೆಳಗಿನ ಬಿಸಿಲಿನಲ್ಲಿ ತೆಗೆದರೆ, ಹಣ ಕೊಟ್ಟು ತಂದ ಯಾವ ಪರದೇಶದ ಚಿತ್ರವೂ ಅದಕ್ಕೆ ಸರಿಗಟ್ಟದು. ನೋಡುವವನು ಚೆಲುವನ್ನಷ್ಟೇ ಹುಡುಕುವುದಿಲ್ಲ. ತಾನು ತಿನ್ನುವುದು ಎಲ್ಲಿಂದ ಬಂದಿತೆಂದು ತಿಳಿಯಬಯಸುತ್ತಾನೆ.

ಇನ್ನು ಕಾನೂನು. ಪೊಟ್ಟಣ ಕಟ್ಟಿದ ಸರಕಿನ ಮೇಲೆ ತಯಾರಕನ ಹೆಸರು ವಿಳಾಸ, ಸರಕಿನ ಹೆಸರು, ನಿವ್ವಳ ತೂಕ, ತಯಾರಾದ ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಬೇಕಾದ ಕಡೆ ಇವೆಲ್ಲ ಇರಬೇಕೆಂದು 2011ರ ಕಾನೂನುಮಾಪನ ನಿಯಮಗಳು ವಿಧಿಸುತ್ತವೆ. 2006ರ ಆಹಾರ ಸುರಕ್ಷತಾ ಕಾಯಿದೆಯು ರೈತನ ಹೊಲದ ಬೆಳೆಗೆ ಅನ್ವಯಿಸುವುದಿಲ್ಲ. ಆದರೆ ಕಬ್ಬು ಬೆಲ್ಲವಾಗಿ ಮಾರಾಟಕ್ಕೆ ನಿಂತಾಗ ನೋಂದಣಿ ಬೇಕು, ಆ ಹದಿನಾಲ್ಕು ಅಂಕೆಗಳ ಸಂಖ್ಯೆ ಪೊಟ್ಟಣದ ಮೇಲೆ ಬರಬೇಕು. ಚೀಟಿ ಹಚ್ಚಿ ಪೊಟ್ಟಣ ಕಟ್ಟಿದ ಬೆಲ್ಲವು 2022ರ ಜುಲೈ 18ರಿಂದ ಶೇಕಡಾ 5ರ ತೆರಿಗೆಯ ವ್ಯಾಪ್ತಿಗೆ ಬಂದಿತು. ತನ್ನ ವಹಿವಾಟಿಗೆ ಅದು ಹೇಗೆ ತಗಲುತ್ತದೆಂಬುದನ್ನು ಲೆಕ್ಕ ಬಲ್ಲವರಿಂದ ಮೊದಲೇ ತಿಳಿಯುವುದು ಲೇಸು. ಗುರುತನ್ನು ತನ್ನದಾಗಿ ಉಳಿಸಿಕೊಳ್ಳಲು ವ್ಯಾಪಾರ ಚಿಹ್ನೆಯ ನೋಂದಣಿಯುಂಟು. ಒಬ್ಬ ವ್ಯಕ್ತಿ ಅಂತರಜಾಲದ ಮೂಲಕ ಒಂದು ವರ್ಗದ ಸರಕಿಗೆ ಅರ್ಜಿ ಸಲ್ಲಿಸಲು 4,500 ರೂಪಾಯಿ ಶುಲ್ಕ. ನೋಂದಣಿಯಾದರೆ ಹತ್ತು ವರ್ಷ ಬಾಳುತ್ತದೆ, ಮತ್ತೆ ನವೀಕರಿಸಬಹುದು. ಮೊದಲ ವರ್ಷವೇ ಇದಕ್ಕೆ ಅವಸರಪಡಬೇಕಾಗಿಲ್ಲ. ಆದರೆ ಅದೇ ಹೆಸರು ಈಗಾಗಲೇ ಪರರದಾಗಿದೆಯೇ ಎಂದು ಇಲಾಖೆಯ ತಾಣದಲ್ಲಿ ಹುಡುಕಿ ನೋಡದೆ ಚೀಟಿ ಅಚ್ಚುಹಾಕಿಸಬಾರದು.

ಹೆಸರಿಡುವ ಪ್ರಸಂಗದಲ್ಲಿ ನನ್ನ ಶಿಷ್ಯನು ಶ್ರೀಮಠದ ಹೆಸರನ್ನೂ ಪೂಜ್ಯರ ಭಾವಚಿತ್ರವನ್ನೂ ಹಾಕಲು ಬಯಸಿದ್ದನು. ಭಕ್ತಿ ದೊಡ್ಡದು; ಆದರೂ ನಾನು ಬೇಡವೆಂದೆ. ಪೊಟ್ಟಣ ಬರಿದಾದ ಮೇಲೆ ಆ ಚಿತ್ರ ಬೀಳುವುದೆಲ್ಲಿ? ಧಾರ್ಮಿಕ ಭಾವನೆಗೆ ನೋವುಂಟುಮಾಡಬಲ್ಲ ಚಿಹ್ನೆಗಳಿಗೆ ಕಾನೂನೂ ಎಡೆಗೊಡುವುದಿಲ್ಲ. ‘ಸಿಹಿ ಬೆಲ್ಲ’, ‘ಶುದ್ಧ ಬೆಲ್ಲ’ ಎಂಬಂತೆ ಸರಕಿನ ಗುಣವನ್ನಷ್ಟೇ ಹೇಳುವ ಹೆಸರುಗಳೂ ಸಾಮಾನ್ಯವಾಗಿ ನೋಂದಣಿಯಾಗುವುದಿಲ್ಲ. ಎಲ್ಲರಿಗೂ ಸೇರಿದ ಮಾತನ್ನು ಒಬ್ಬನಿಗೆ ಬರೆದುಕೊಡಲಾಗದು. ಕೊನೆಗೆ ಅವನ ಹೊಲದ ಹೆಸರನ್ನೇ ಆರಿಸಿದೆವು. ನಮ್ಮ ಹಳ್ಳಿಗಳಲ್ಲಿ ಹೆಸರಿಲ್ಲದ ಹೊಲವಿಲ್ಲ. ಬಾವಿ, ಬೇವಿನ ಮರ, ಹಿರಿಯರು ಯಾರೋ ಒಬ್ಬರ ನೆನಪು ಅದರಲ್ಲಿ ಅಡಗಿರುತ್ತದೆ. ಅದಕ್ಕಿಂತ ಒಳ್ಳೆಯ ಅಂಕಿತವನ್ನು ಯಾವ ಜಾಹೀರಾತಿನವನೂ ಹುಟ್ಟಿಸಲಾರ.

ಬಳಿಕ ಚೀಟಿಯ ಬರೆಹ. ಸಾವಯವವೆಂಬ ಪದದ ಬಳಕೆಗೆ 2017ರ ನಿಯಮಾವಳಿಯಿದೆ. ಯೂರಿಯಾ ಉಂಡ ಕಬ್ಬಿಗೆ ಆ ಪದ ಸಲ್ಲದು. ಹಾಗಾದರೆ ಅವನ ಬೆಲ್ಲಕ್ಕೆ ಹೇಳಿಕೊಳ್ಳುವ ಗುಣವೇ ಇಲ್ಲವೇ? ಇದೆ. ಪೇಟೆಯಲ್ಲಿ ಬೆಲ್ಲ ಹಳದಿಯಾಗಿ ಹೊಳೆದಷ್ಟೂ ಬೆಲೆ ಹೆಚ್ಚು. ಆ ಹೊಳಪಿಗಾಗಿ ಕೆಲವರು ಹೈಡ್ರೋಸ್ ಎಂಬ ರಾಸಾಯನಿಕವನ್ನು ಕುದಿಯುವ ಹಾಲಿಗೆ ಸುರಿಯುತ್ತಾರೆ. ನನ್ನ ಶಿಷ್ಯನು ಸುರಿಯುವುದಿಲ್ಲ. ಅದರಿಂದಲೇ ಅವನ ಬೆಲ್ಲ ಕಪ್ಪು ಮಿಶ್ರಿತ ಕಂದು. ಅದರಿಂದಲೇ ಅಡತಿ ಅಂಗಡಿಯಲ್ಲಿ ಅದಕ್ಕೆ ಕೀಳು ಬೆಲೆ. ಯಾವುದು ಅವನ ಹಿರಿಮೆಯೋ ಅದೇ ಅವನ ನಷ್ಟಕ್ಕೆ ಕಾರಣವಾಗಿತ್ತು, ಏಕೆಂದರೆ ಬಣ್ಣದ ಕಾರಣವನ್ನು ಹೇಳುವ ಬಾಯಿ ಬೆಲ್ಲಕ್ಕಿರಲಿಲ್ಲ. ಆ ಬಾಯಿಯನ್ನು ಕೊಡುವುದೇ ಅಂಕಿತದ ಕೆಲಸ. ನಾನು ಬರೆದುಕೊಟ್ಟ ವಾಕ್ಯಗಳು ಇವು: ‘ಈ ಬೆಲ್ಲದ ಬಣ್ಣ ಕಂದು. ಹಳದಿಯಾಗಲೆಂದು ಹೈಡ್ರೋಸ್ ಹಾಕಿಲ್ಲ. ಕೊಳೆ ತೆಗೆಯಲು ಸುಣ್ಣದ ತಿಳಿಯನ್ನೂ ಬೆಂಡೆಯ ಗಿಡದ ಲೋಳೆಯನ್ನೂ ಬಳಸಿದ್ದೇವೆ. ಕಬ್ಬಿಗೆ ತಿಪ್ಪೆಗೊಬ್ಬರದೊಡನೆ ಸರಕಾರಿ ಗೊಬ್ಬರವನ್ನೂ ಹಾಕಿದ್ದೇವೆ. ಮಳೆಗಾಲದಲ್ಲಿ ಬೆಲ್ಲ ಬೆವರುತ್ತದೆ, ಗಾಳಿಯಾಡದ ಡಬ್ಬಿಯಲ್ಲಿಡಿರಿ.’ ಓದಿ ಅವನು ಗಾಬರಿಯಾದನು. “ಗೊಬ್ಬರದ ಮಾತು ಬರೆದರ ಯಾರು ತಗೋತಾರ್ರಿ ಗುರುಗಳೇ?” ಎಂದನು. “ಅದನ್ನು ಓದಿಯೂ ತೆಗೆದುಕೊಳ್ಳುವವರೇ ನಿನ್ನ ನೂರು ಮನೆ” ಎಂದೆ. ನನ್ನ ಮಾತು ಎಷ್ಟು ನಿಜವೋ ಕಾಲವೇ ಹೇಳಬೇಕು. ಈ ಸಾಲುಗಳನ್ನು ಬರೆಯುವ ಹೊತ್ತಿಗೆ ಅವನಿಗೆ ಮೂವತ್ತೊಂದು ಮನೆಗಳು ದೊರೆತಿವೆ. ಆರು ಮನೆಗಳು ಗೊಬ್ಬರದ ಮಾತನ್ನು ಓದಿ ಹಿಂದೆ ಸರಿದುದೂ ಉಂಟು, ಅದನ್ನು ಮುಚ್ಚಿಡಲಾರೆ.

ಒಬ್ಬನಿಂದಲೇ ಇದೆಲ್ಲ ಸಾಧ್ಯವೇ ಎಂಬ ಪ್ರಶ್ನೆ ಉಳಿಯುತ್ತದೆ. ಗಾಣ ನಡೆಸುವವನು, ಪೊಟ್ಟಣ ಕಟ್ಟುವವನು, ಫೋನಿಗೆ ಉತ್ತರಿಸುವವನು ಒಬ್ಬನೇ ಆದರೆ ಎರಡು ವರ್ಷಗಳಲ್ಲಿ ಅವನು ಬಸವಳಿಯುತ್ತಾನೆ. ಹಾಲಿನ ವಿಷಯದಲ್ಲಿ ಕನ್ನಡ ನಾಡು ಕಂಡುಕೊಂಡ ದಾರಿ ನಮ್ಮ ಮುಂದಿದೆ. 1974ರಲ್ಲಿ ಮೊಳೆತ ಹೈನು ಅಭಿವೃದ್ಧಿಯ ಸಂಘಟನೆ ಮುಂದೆ ಮಹಾಮಂಡಲವಾಗಿ ಬೆಳೆದು, ಒಂದೆರಡು ಎಮ್ಮೆ ಆಕಳು ಕಟ್ಟಿದ ಮನೆಗಳ ಹಾಲನ್ನು ‘ನಂದಿನಿ’ ಎಂಬ ಒಂದೇ ಹೆಸರಿನಡಿ ನಿಲ್ಲಿಸಿತು. 2002ರ ತಿದ್ದುಪಡಿಯಿಂದ ಕಂಪನಿ ಕಾಯಿದೆಯು ಹತ್ತು ಮಂದಿ ಬೆಳೆಗಾರರು ಕೂಡಿ ಉತ್ಪಾದಕ ಕಂಪನಿಯನ್ನು ಕಟ್ಟಿಕೊಳ್ಳಲು ಎಡೆಮಾಡಿದೆ. ಆದರೆ ಕೂಡುಹೆಸರಿನಲ್ಲಿ ಒಂದು ಅಪಾಯವಿದೆ: ಎಲ್ಲರ ಹೊಣೆ ಯಾರ ಹೊಣೆಯೂ ಆಗದಿರುವುದು. ಹತ್ತು ಗಾಣಗಳ ಬೆಲ್ಲ ಒಂದೇ ಹೆಸರಿನಲ್ಲಿ ಹೋದರೂ ಪ್ರತಿ ಪೊಟ್ಟಣದ ಮೇಲೆ ಅದು ಯಾರ ಗಾಣದ್ದೆಂಬ ಗುರುತಿರಲಿ. ಶರಣರೆಲ್ಲರೂ ಅನುಭವ ಮಂಟಪದಲ್ಲಿ ಒಂದಾಗಿ ಕುಳಿತರು; ಆದರೂ ಯಾರೂ ತಮ್ಮ ಅಂಕಿತವನ್ನು ಬಿಡಲಿಲ್ಲ.

ಬೆಲೆಯ ಬಗೆಗೂ ಒಂದು ಮಾತು. ಹೆಸರು ಬಂದ ಮೇಲೆ ಬೆಲೆಯನ್ನು ಮನಬಂದಂತೆ ಏರಿಸುವ ಆಸೆ ಹುಟ್ಟುತ್ತದೆ. ಕಲ್ಯಾಣದಲ್ಲಿ ಅಕ್ಕಿಯನ್ನಾಯುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅವನ ಸತಿ ಲಕ್ಕಮ್ಮನು ಆ ಹೆಚ್ಚನ್ನು ಮರಳಿ ಸುರಿದು ಬರಲು ಹೇಳಿದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ನ್ಯಾಯವಾದ ಲಾಭವನ್ನು ರೈತನು ಬಿಡಬೇಕೆಂದು ಆ ಕಥೆ ಹೇಳುವುದಿಲ್ಲ. ಅವನಿಗೆ ದಕ್ಕಬೇಕಾದುದು ಈವರೆಗೆ ದಕ್ಕಿಯೇ ಇಲ್ಲ. ಕಬ್ಬು, ಆಳು, ಉರುವಲು, ಪೊಟ್ಟಣ, ಸಾಗಣೆ ಇವುಗಳ ಲೆಕ್ಕವನ್ನು ಹಾಳೆಯ ಮೇಲೆ ಬರೆದು, ತನ್ನ ಮನೆಯವರ ದುಡಿಮೆಗೂ ಕೂಲಿ ಹಿಡಿದು, ಆ ಮೇಲೆ ಬೆಲೆ ಕಟ್ಟಲಿ. ಕೇಳಿದವರಿಗೆ ಆ ಹಾಳೆಯನ್ನು ತೋರಿಸುವ ಧೈರ್ಯವಿರುವಷ್ಟು ಬೆಲೆ ನ್ಯಾಯವಾದ ಬೆಲೆ.

ಇನ್ನು ನಮ್ಮ ಶಾಲೆಯ ಪಾಲಿನ ಕರ್ತವ್ಯ. ಒಂಬತ್ತನೆಯ ತರಗತಿಯ ಪ್ರಬಂಧದ ಅವಧಿಗಳಲ್ಲಿ ವರ್ಷಕ್ಕೆರಡನ್ನು ‘ನಮ್ಮ ಮನೆಯ ಬೆಳೆ’ ಎಂಬ ವಿಷಯಕ್ಕೆ ಮೀಸಲಿಡಬಹುದು. ಒಂದು ಸುಳ್ಳೂ ಇಲ್ಲದೆ, ಒಂದು ಗುಣವನ್ನೂ ಬಿಡದೆ, ಐವತ್ತು ಶಬ್ದಗಳಲ್ಲಿ ಬರೆಯಲಿ. ಇದು ಅಲಂಕಾರ ಶಾಸ್ತ್ರಕ್ಕೆ ಅಪಚಾರವಲ್ಲ. ಇದ್ದುದನ್ನು ಇದ್ದಂತೆ ಹೇಳುವ ಸ್ವಭಾವೋಕ್ತಿಯೂ ಒಂದು ಅಲಂಕಾರವೆಂದು ಲಾಕ್ಷಣಿಕರು ಎಣಿಸಿದ್ದಾರೆ. ಗಣಕಯಂತ್ರದ ಕೋಣೆಯಲ್ಲಿ ಅದೇ ಬರೆಹವನ್ನು ಬೆರಳಚ್ಚು ಮಾಡಿ, ತಾವೇ ತೆಗೆದ ಚಿತ್ರ ಸೇರಿಸಲಿ. ಹತ್ತನೆಯ ತರಗತಿ ದಾಟಿ ಹೊಲಕ್ಕೆ ಮರಳುವ ಹುಡುಗ ಹುಡುಗಿಯರು ಆಗ ಬರಿಗೈಯಲ್ಲಿ ಮರಳಿದಂತಾಗುವುದಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಚಿಕ್ಕದು. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ನೆಲೆಸಿದ ನೀವು ಈ ಸಂಚಿಕೆಯನ್ನು ಓದುತ್ತೀರಿ. ನಿಮ್ಮ ಸಹಪಾಠಿಗಳಲ್ಲಿ ಊರಿನಲ್ಲೇ ಉಳಿದವರು ಏನು ಬೆಳೆಯುತ್ತಾರೆಂದು ಒಮ್ಮೆ ವಿಚಾರಿಸಿರಿ. ನೂರು ಮನೆಗಳು ಎಲ್ಲಿಯೋ ಹುಡುಕಬೇಕಾದವಲ್ಲ. ನಮ್ಮ ಒಂದು ತರಗತಿಯ ಹಳೆಯ ಹಾಜರಿ ಪುಸ್ತಕದಲ್ಲಿಯೇ ಅವುಗಳಲ್ಲಿ ಅರ್ಧದಷ್ಟಿವೆ.

ದಾನಿಗಳಲ್ಲಿಯೂ ಒಂದು ಬಿನ್ನಹ. ಅವರ ಔದಾರ್ಯದಿಂದ ಎದ್ದ ಕೋಣೆಗಳಲ್ಲಿಯೇ ನಾನು ಪಾಠ ಹೇಳಿದ್ದೇನೆ. ಆ ಋಣವನ್ನು ಮರೆತು ಆಡುವ ಮಾತಲ್ಲ ಇದು. ನಮ್ಮ ದಾಸೋಹದ ಮನೆಯ ಗೋಡೆಯ ಮೇಲೆ ಅಮೃತಶಿಲೆಯ ಫಲಕಗಳಿವೆ. ಕಂಬ ಕೊಟ್ಟವರ, ಪಾತ್ರೆ ಕೊಟ್ಟವರ, ಫ್ಯಾನು ಕೊಟ್ಟವರ ಹೆಸರುಗಳು ಅಲ್ಲಿ ಬೆಳಗುತ್ತಿವೆ. ಅದೇ ಗೋಡೆಯ ಕೆಳಗೆ ಕುಳಿತು ಮಕ್ಕಳು ಉಣ್ಣುವ ಗೋಧಿ ಹುಗ್ಗಿಯ ಬೆಲ್ಲ ಯಾರದೆಂದು ಮಾತ್ರ ಎಲ್ಲಿಯೂ ಬರೆದಿಲ್ಲ. ದಾಸೋಹಕ್ಕೆ ಬೇಕಾದ ಬೆಲ್ಲ, ಬೇಳೆ, ಗೋಧಿಗಳನ್ನು ಸಾಧ್ಯವಾದಷ್ಟು ನಮ್ಮ ವಿದ್ಯಾರ್ಥಿಗಳ ಮನೆಗಳಿಂದಲೇ ನ್ಯಾಯವಾದ ಬೆಲೆಗೆ ಕೊಳ್ಳಲು ಒಂದು ನಿಧಿಯನ್ನು ಸ್ಥಾಪಿಸಿದರೆ ಹೇಗೆ? ಶಿಲೆಯ ಫಲಕ ಬೇಡ. ಅಡುಗೆಮನೆಯ ಬಾಗಿಲಲ್ಲಿ ಒಂದು ಕರಿಹಲಗೆ, ಒಂದು ಸುಣ್ಣದ ಕಡ್ಡಿ ಸಾಕು. ಇಂದಿನ ಬೆಲ್ಲ ಯಾವ ಹೊಲದ್ದೆಂದು ಅಲ್ಲಿ ಬರೆಯಲಿ, ನಾಳೆ ಅಳಿಸಿ ಇನ್ನೊಬ್ಬರದನ್ನು ಬರೆಯಲಿ. ತನ್ನ ತಂದೆಯ ಹೊಲದ ಹೆಸರನ್ನು ಆ ಹಲಗೆಯ ಮೇಲೆ ಓದಿ ಪಂಕ್ತಿಗೆ ಕುಳಿತ ಮಗುವಿಗೆ, ಅಂಕಿತವೆಂದರೇನೆಂಬುದನ್ನು ನಾನು ಮತ್ತೆ ತರಗತಿಯಲ್ಲಿ ವಿವರಿಸಬೇಕಾಗುವುದಿಲ್ಲ.